ಅನಾಥ ಸಾಧಕರ ಸುದ್ದಿಯಲ್ಲಿ ಬಿಟ್ಟುಹೋಗುವ ಮೂರು ವರ್ಷ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ವಾರ ಯಾವ ಪತ್ರಿಕೆ ತೆರೆದರೂ ಒಂದು ಸುದ್ದಿ ಇದ್ದೇ ಇರುತ್ತದೆ. ತಂದೆ-ತಾಯಿ ಇಲ್ಲದ ಮಗು, ಬಾಲಮಂದಿರದಲ್ಲೋ ಮಠದಲ್ಲೋ ಬೆಳೆದದ್ದು, 625ಕ್ಕೆ ಆರುನೂರರ ಆಸುಪಾಸು ಅಂಕ. ಪಕ್ಕದಲ್ಲಿ ಸಿಹಿ ತಿನ್ನಿಸುತ್ತಿರುವ ಅಧೀಕ್ಷಕರ ಫೋಟೊ. ಯುಪಿಎಸ್‌ಸಿ ಫಲಿತಾಂಶದ ದಿನ ಇಂಥದ್ದೇ ಇನ್ನೊಂದು. ಓದುವಾಗ ಕಣ್ಣು ತೇವವಾಗುತ್ತದೆ, ನಾಲ್ಕು ದಿನದಲ್ಲಿ ಮರೆತೂ ಹೋಗುತ್ತದೆ. ಇಂಥ ಸುದ್ದಿ ಬೇಡ ಎಂದು ಈ ಪತ್ರ ಬರೆಯುತ್ತಿಲ್ಲ. ಆದರೆ ಅದರಲ್ಲಿ ಪ್ರತಿ ಸಲವೂ ಒಂದು ಭಾಗ ಬಿಟ್ಟುಹೋಗುತ್ತದೆ: 18 ತುಂಬಿ ಸಂಸ್ಥೆಯ ಗೇಟು ದಾಟಿದ ದಿನದಿಂದ ಮೊದಲ ಸಂಬಳ ಕೈಸೇರುವವರೆಗಿನ ಎರಡು-ಮೂರು ವರ್ಷ. ಗೆದ್ದವರು ಗೆಲ್ಲುವುದೂ ಸೋತವರು ಸೋಲುವುದೂ ಬಹುಪಾಲು ಅಲ್ಲೇ. ಛಲ ಇಬ್ಬರಲ್ಲೂ ಇರುತ್ತದೆ. ಬಾಡಿಗೆ ಕಟ್ಟುವವರು, ಅರ್ಜಿಯ ಕೆಳಗೆ ಸಹಿ ಹಾಕುವವರು ಇಬ್ಬರಿಗೂ ಇರುವುದಿಲ್ಲ.

ಎಲ್ಲರೂ ಉದಾಹರಿಸುವ ಹೆಸರುಗಳನ್ನೇ ತೆಗೆದುಕೊಳ್ಳೋಣ. ಕೇರಳದ ಬಿ. ಅಬ್ದುಲ್ ನಾಸರ್ ಐದು ವರ್ಷದವರಿದ್ದಾಗ ತಂದೆ ತೀರಿಕೊಂಡರು. 13 ವರ್ಷ ಅನಾಥಾಲಯದಲ್ಲಿ ಬೆಳೆದರು. ಅಲ್ಲಿಂದ ನೇರವಾಗಿ ಐಎಎಸ್‌ಗೆ ಹಾರಲಿಲ್ಲ. ಮೊದಲು ಆರೋಗ್ಯ ಇಲಾಖೆಯಲ್ಲಿ ನೌಕರಿ, 2006ರಲ್ಲಿ ಡೆಪ್ಯುಟಿ ಕಲೆಕ್ಟರ್, 2017ರಲ್ಲಿ ಬಡ್ತಿಯ ಮೇಲೆ ಐಎಎಸ್, ಆಮೇಲೆ ಕೊಲ್ಲಂ ಜಿಲ್ಲಾಧಿಕಾರಿ. ಮಲಪ್ಪುರಂ ಜಿಲ್ಲೆಯ ಮೊಹಮ್ಮದ್ ಅಲಿ ಶಿಹಾಬ್ 1991ರಲ್ಲಿ ತಂದೆಯನ್ನು ಕಳೆದುಕೊಂಡು ಹತ್ತು ವರ್ಷ ಮುಕ್ಕಂನ ಅನಾಥಾಲಯದಲ್ಲಿದ್ದವರು. ಅವರೂ ಸಣ್ಣಪುಟ್ಟ ಸರ್ಕಾರಿ ಕೆಲಸಗಳಲ್ಲಿ ಇದ್ದುಕೊಂಡೇ ದೂರಶಿಕ್ಷಣದಲ್ಲಿ ಪದವಿ ಮುಗಿಸಿ, 2011ನೇ ಸಾಲಿನ ಪರೀಕ್ಷೆಯಲ್ಲಿ 226ನೇ ರ‍್ಯಾಂಕ್ ಪಡೆದು ನಾಗಾಲ್ಯಾಂಡ್ ಕೇಡರ್ ಸೇರಿದರು. ಇಬ್ಬರಲ್ಲೂ ಎರಡು ಸಂಗತಿ ಸಮಾನ. ಐಎಎಸ್‌ಗೆ ಬಹಳ ಮೊದಲೇ ಒಂದು ಸಣ್ಣ ಸಂಬಳ ಸಿಕ್ಕಿತು; ಮತ್ತು ತಾಯಿ ಇದ್ದರು. ಪೂರ್ತಿ ಯಾರೂ ಇಲ್ಲದವರ ದಾರಿಗೂ ಇದಕ್ಕೂ ಬಹಳ ಅಂತರವಿದೆ. ‘ಅನಾಥಾಲಯದಿಂದ ಐಎಎಸ್’ ಎಂಬ ತಲೆಬರಹದಲ್ಲಿ ಆ ಅಂತರ ಕಾಣಿಸುವುದಿಲ್ಲ.

ನಮ್ಮಲ್ಲೇ ಇದಕ್ಕಿಂತ ಹಳೆಯ, ಇದಕ್ಕಿಂತ ದೊಡ್ಡ ಉದಾಹರಣೆ ಇದೆ. ಪಂಡಿತ ಪುಟ್ಟರಾಜ ಗವಾಯಿಗಳು 1914ರಲ್ಲಿ ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿದರು. ಹಸುಗೂಸಾಗಿದ್ದಾಗಲೇ ತಂದೆ-ತಾಯಿ ಹೋದರು, ಎಳವೆಯಲ್ಲೇ ಕಣ್ಣೂ ಹೋಯಿತು. ಸೋದರಮಾವ ಸಾಕಿ, ಪಂಚಾಕ್ಷರಿ ಗವಾಯಿಗಳ ಕೈಗೆ ಒಪ್ಪಿಸಿದರು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತು, 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಅಂಧ, ಅನಾಥ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಖರ್ಚು ತೂಗಿಸಲು ನಾಟಕ ಕಂಪನಿಯನ್ನೇ ಕಟ್ಟಿದರು. ಈಗಿನ ನಮ್ಮ ವ್ಯವಸ್ಥೆ ಕಣ್ಣಿಟ್ಟು ನೋಡಬೇಕಾದದ್ದು ಈ ಆಶ್ರಮದ ಎರಡು ಗುಣಗಳನ್ನು. ಇಂಥ ವಯಸ್ಸಿಗೆ ಹೊರಡಬೇಕು ಎಂಬ ತಾರೀಖು ಅಲ್ಲಿರಲಿಲ್ಲ. ಕಲಿಸಿದ ಹಾರ್ಮೋನಿಯಂ, ತಬಲಾ, ಗಾಯನದಿಂದ ಊರೂರಲ್ಲಿ ಕಛೇರಿಯೋ ಪಾಠವೋ ಸಿಕ್ಕಿ ಮರುದಿನದಿಂದಲೇ ಹೊಟ್ಟೆ ತುಂಬುತ್ತಿತ್ತು.

ಈಗಿನ ಕಾಯ್ದೆಗೆ ಬರೋಣ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 18 ತುಂಬಿದವರು ಮಕ್ಕಳಲ್ಲ, ಆದ್ದರಿಂದ ಬಾಲಮಂದಿರದಲ್ಲಿ ಇರುವಂತಿಲ್ಲ. ಅದೇ ಕಾಯ್ದೆಯ 46ನೇ ಕಲಂ ಹೊರಹೋಗುವವರಿಗೆ ಹಣಕಾಸಿನ ನೆರವು ಕೊಡಲು ಅವಕಾಶ ಮಾಡಿದೆ. ಇದಕ್ಕೆ ‘ಅನುಪಾಲನೆ’ ಎಂದು ಹೆಸರು. 21ರವರೆಗೆ ಸಿಗಬಹುದು, ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ ಮುಂದುವರಿಸಲು 2016ರ ಮಾದರಿ ನಿಯಮಗಳ 25ನೇ ನಿಯಮ ಒಪ್ಪುತ್ತದೆ. ಮಕ್ಕಳ ರಕ್ಷಣೆಗೆಂದೇ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ. ಆರರಿಂದ ಎಂಟು ಮಂದಿ ಒಟ್ಟಿಗೆ ಇರುವ ಗುಂಪು ಮನೆ, ತರಬೇತಿಯ ಕಾಲದ ಭತ್ಯೆ, ಆಪ್ತಸಲಹೆ, ಸಾಲದ ವ್ಯವಸ್ಥೆ ಎಲ್ಲವೂ ನಿಯಮದಲ್ಲಿ ಬರೆದಿದೆ. ಬರೆದಿರುವುದಕ್ಕೇನೂ ಕೊರತೆಯಿಲ್ಲ.

ಕೊರತೆ ಬೀಳುವುದು ದಿನಗಣನೆಯಲ್ಲಿ. ಮಗು ಹೊರಹೋಗುವುದಕ್ಕೆ ಎರಡು ತಿಂಗಳು ಮೊದಲೇ ಮುಂದಿನ ಯೋಜನೆಯನ್ನು ಬರೆದು, ಅನುಪಾಲನೆ ಬೇಕೆಂಬ ಶಿಫಾರಸಿನೊಂದಿಗೆ ಮಕ್ಕಳ ಕಲ್ಯಾಣ ಸಮಿತಿಗೆ (ಇಂಥ ಮಕ್ಕಳ ಬಗ್ಗೆ ತೀರ್ಮಾನಿಸುವ ಜಿಲ್ಲೆಯ ಸಮಿತಿ) ಸಲ್ಲಿಸಬೇಕು. ಪ್ರತಿ ಮಗುವಿಗೂ 7ನೇ ನಮೂನೆಯಲ್ಲಿ ವೈಯಕ್ತಿಕ ಪಾಲನಾ ಯೋಜನೆ ಇರಬೇಕು, ಇದು ಅದರ ಕೊನೆಯ ಭಾಗ. ಎಷ್ಟೋ ಕಡತಗಳಲ್ಲಿ ಆ ನಮೂನೆಯನ್ನು ಮಗು ಬಂದ ವರ್ಷ ತುಂಬಿಸಿದ್ದೇ ಕೊನೆ. ‘ಮುಂದಿನ ಗುರಿ’ ಎಂಬಲ್ಲಿ ‘ಚೆನ್ನಾಗಿ ಓದುವುದು’ ಎಂದಿರುತ್ತದೆ. ಹುಟ್ಟುಹಬ್ಬಕ್ಕೆ ಹತ್ತು ದಿನ ಇರುವಾಗ ಓಡಾಟ ಶುರುವಾಗುತ್ತದೆ. ಆ ವಾರ ಸಮಿತಿಯ ಸಭೆ ಇರುವುದಿಲ್ಲ, ಅಥವಾ ಕೋರಂ ಆಗುವುದಿಲ್ಲ. ಆದೇಶವಿಲ್ಲದೆ ಹೊರಬಿದ್ದ ಹುಡುಗನನ್ನು ಆಮೇಲೆ ಯೋಜನೆಯೊಳಗೆ ತರುವುದು ಎರಡು ಪಟ್ಟು ಕೆಲಸ. ಅಷ್ಟರಲ್ಲಿ ಅವನು ಯಾವುದೋ ಬಾರಿನಲ್ಲೋ ಸೈಟಿನಲ್ಲೋ ಸೇರಿಕೊಂಡಿರುತ್ತಾನೆ. ಸಂಸ್ಥೆ ನಡೆಸುವವರು ಮಾಡಬೇಕಾದದ್ದು ಸರಳ. ಪ್ರತಿ ಜನವರಿಯಲ್ಲಿ ಮುಂದಿನ 18 ತಿಂಗಳಲ್ಲಿ 18 ತುಂಬುವವರ ಪಟ್ಟಿ ತೆಗೆದು, ಆಫೀಸಿನ ಗೋಡೆಗೆ ಅಂಟಿಸಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅದರ ಪ್ರತಿ ಕಳಿಸಬೇಕು.

ಆ ‘18’ ಎಂಬುದಾದರೂ ಎಲ್ಲಿಂದ ಬಂತು? ರೈಲು ನಿಲ್ದಾಣದಲ್ಲೋ ಇಟ್ಟಿಗೆ ಭಟ್ಟಿಯಲ್ಲೋ ಸಿಕ್ಕ ಮಗುವಿಗೆ ಜನನ ಪ್ರಮಾಣಪತ್ರ ಇರುವುದಿಲ್ಲ. ಕಾಯ್ದೆಯ 94ನೇ ಕಲಂ ಪ್ರಕಾರ ಮೊದಲು ಶಾಲಾ ದಾಖಲೆ ನೋಡಬೇಕು, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ದಾಖಲೆ, ಅದೂ ಇಲ್ಲದಿದ್ದರೆ ಮಾತ್ರ ಮೂಳೆಯ ಎಕ್ಸ್‌ರೇ ಮುಂತಾದ ವೈದ್ಯಕೀಯ ಪರೀಕ್ಷೆ. ಆ ಪರೀಕ್ಷೆಯಲ್ಲಿ ಎರಡು ವರ್ಷ ಆಚೀಚೆ ಆಗುವುದು ಸಹಜ ಎಂದು ನ್ಯಾಯಾಲಯಗಳೇ ಒಪ್ಪಿವೆ. ಸಮಿತಿ ಒಮ್ಮೆ ಬರೆದ ವಯಸ್ಸೇ ಕಾನೂನಿನ ಕಣ್ಣಿಗೆ ನಿಜವಾದ ವಯಸ್ಸು. ಈಗ ಲೆಕ್ಕ ಹಾಕಿ: ದುಡಿಮೆಯಿಂದ ಬಿಡಿಸಿ ತಂದ ಮಗುವಿಗೆ ಹತ್ತು ವರ್ಷ ಎಂದು ಬರೆದರು, ಅಕ್ಷರವೇ ಗೊತ್ತಿಲ್ಲದ್ದರಿಂದ ಎರಡನೇ ತರಗತಿಗೆ ಸೇರಿಸಿದರು. ಅದು ಹತ್ತನೇ ತರಗತಿಯಲ್ಲಿ ಇರುವಾಗಲೇ 18 ತುಂಬುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೂರು ತಿಂಗಳು ಇರುವಾಗ ಹಾಸಿಗೆ ಖಾಲಿ ಮಾಡು ಎನ್ನುವ ಪರಿಸ್ಥಿತಿ ಹುಟ್ಟುವುದು ಹೀಗೆ. ಯಾರ ಕ್ರೌರ್ಯವೂ ಇದಕ್ಕೆ ಬೇಕಿಲ್ಲ, ಎಂಟು ವರ್ಷದ ಹಿಂದಿನ ಒಂದು ಅಂದಾಜು ಸಾಕು. ವಯಸ್ಸು ಬರೆಯುವ ದಿನವೇ ಸಂಸ್ಥೆಯವರು ತರಗತಿಯ ಲೆಕ್ಕವನ್ನೂ ಸಮಿತಿಯ ಮುಂದಿಡಬೇಕು. ತಪ್ಪಿದ್ದರೆ ತಿದ್ದುಪಡಿಯನ್ನು ಒಂಬತ್ತನೇ ತರಗತಿಯೊಳಗೆ ಮುಗಿಸಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ಕೋರ್ಟ್ ಮೆಟ್ಟಿಲು ಹತ್ತದೆ ಬೇರೆ ದಾರಿಯಿಲ್ಲ. ಆಧಾರ್‌ನಲ್ಲಿ ಜನ್ಮ ದಿನಾಂಕ ತಿದ್ದಲು ಒಂದೇ ಒಂದು ಅವಕಾಶ.

ಆಧಾರ್ ಅಂದೆ. ಮಾನ್ಯತೆ ಪಡೆದ ಸಂಸ್ಥೆಯ ಮುಖ್ಯಸ್ಥರು ಲೆಟರ್‌ಹೆಡ್‌ನಲ್ಲಿ ಕೊಟ್ಟ ಪ್ರಮಾಣಪತ್ರದ ಮೇಲೆ ಮಗುವಿಗೆ ಆಧಾರ್ ಆಗುತ್ತದೆ. 15 ವರ್ಷಕ್ಕೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಕಡ್ಡಾಯವಾಗಿ ಹೊಸದಾಗಿ ಕೊಡಬೇಕು. ಬಿಟ್ಟರೆ ಪರೀಕ್ಷಾ ಕೇಂದ್ರದಲ್ಲೋ ಬ್ಯಾಂಕಿನಲ್ಲೋ ಬೆರಳು ಒತ್ತಿದಾಗ ಹೊಂದುವುದಿಲ್ಲ. ಇದೆಲ್ಲ ಹೇಗೋ ಆಗುತ್ತದೆ. ಆಗದಿರುವುದು ಮೊಬೈಲ್ ನಂಬರು. 18 ತುಂಬದವರ ಹೆಸರಲ್ಲಿ ಸಿಮ್ ಕೊಡುವುದಿಲ್ಲ, ಆದ್ದರಿಂದ ನಲವತ್ತು ಮಕ್ಕಳ ಆಧಾರ್‌ಗೂ ವಾರ್ಡನ್ ಅವರದೇ ನಂಬರು. ಹುಡುಗಿ ಹುಬ್ಬಳ್ಳಿಯಲ್ಲಿ ಸೈಬರ್ ಸೆಂಟರ್‌ನಲ್ಲಿ ಕೂತು ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಾಳೆ, ಒಟಿಪಿ ಹೋಗುವುದು ವಿಜಯಪುರದ ವಾರ್ಡನ್ ಫೋನಿಗೆ. ಅವರು ವರ್ಗವಾಗಿ ನಂಬರು ಬದಲಿಸಿದ್ದರೆ ಕಥೆ ಅಲ್ಲಿಗೆ ಮುಗಿಯಿತು. 18 ತುಂಬಿದ ವಾರ ಮೊದಲು ಮಾಡಬೇಕಾದ ಕೆಲಸ ಕೇಕ್ ಕತ್ತರಿಸುವುದಲ್ಲ. ಸ್ವಂತ ಹೆಸರಲ್ಲಿ ಸಿಮ್, ಮರುದಿನ ಆಧಾರ್ ಕೇಂದ್ರದಲ್ಲಿ ಆ ನಂಬರು ಜೋಡಣೆ, ಅದರ ಮರುದಿನ ಬ್ಯಾಂಕು. ಈ ಅನುಕ್ರಮ ತಪ್ಪಿದರೆ ಮೂರೂ ಕಡೆ ಎರಡೆರಡು ಸಲ ಅಲೆಯಬೇಕು.

ಬ್ಯಾಂಕಿನಲ್ಲಿ ಖಾತೆ ಇರುತ್ತದೆ, ಆದರೆ ಅಪ್ರಾಪ್ತರ ಖಾತೆ, ಪಾಲಕರ ಜಾಗದಲ್ಲಿ ಸಂಸ್ಥೆಯ ಮುಖ್ಯಸ್ಥರ ಸಹಿ. 18ರ ನಂತರ ಹೊಸ ಸಹಿ, ಹೊಸ ಕೆವೈಸಿ ಕೊಡುವವರೆಗೆ ದುಡ್ಡು ಅಲುಗುವುದಿಲ್ಲ. ಎರಡು ವರ್ಷ ವ್ಯವಹಾರವೇ ನಡೆಯದಿದ್ದರೆ ಖಾತೆ ನಿಷ್ಕ್ರಿಯ. ಪ್ರಾಯೋಜಕತ್ವದ ಹಣ, ದಾನಿಗಳು ಹಾಕಿದ ಠೇವಣಿ ಹೀಗೆ ಸಿಕ್ಕಿಬಿದ್ದಿರುವುದು ಅಪರೂಪವೇನಲ್ಲ. ಹತ್ತು ವರ್ಷ ತುಂಬಿದವರಿಗೆ ಅವರೇ ನಡೆಸುವ ಖಾತೆ ಕೊಡಲು ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳಿಗೆ ಅವಕಾಶ ಕೊಟ್ಟಿದೆ, ಸಂಸ್ಥೆಗಳು ಅದನ್ನು ಬಳಸಿಕೊಳ್ಳಬೇಕು. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಹಿಂದೆಮುಂದೆ ಯಾರೂ ಇಲ್ಲದ 18-19ರ ಹುಡುಗರನ್ನು ಸೈಬರ್ ವಂಚಕರು ಹುಡುಕಿಕೊಂಡು ಬರುತ್ತಾರೆ. ‘ನಿನ್ನ ಪಾಸ್‌ಬುಕ್, ಎಟಿಎಂ, ಸಿಮ್ ಕೊಡು, ಐದು ಸಾವಿರ ಕೊಡುತ್ತೇನೆ’ ಎನ್ನುತ್ತಾರೆ. ಕದ್ದ ಹಣ ಆ ಖಾತೆಯ ಮೂಲಕ ಹಾದುಹೋಗುತ್ತದೆ, ಪೊಲೀಸರು ಬರುವುದು ಹುಡುಗನ ಬಳಿಗೆ. ಗಣಿತ ಪಾಠದ ಜೊತೆ ಇದನ್ನೂ ಹೇಳಿಕೊಡಬೇಕಾದ ಕಾಲ.

ಇನ್ನು ಜಾತಿ ಮತ್ತು ಆದಾಯ ಪ್ರಮಾಣಪತ್ರ. ವಿದ್ಯಾರ್ಥಿವೇತನವಾಗಲಿ, ಸಿಇಟಿ ಮೀಸಲಾತಿಯಾಗಲಿ, ಅರ್ಜಿಯಲ್ಲಿ ಈ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಅದನ್ನು ಕೊಡುವ ನಾಡಕಚೇರಿ ತಂದೆಯ ಹೆಸರು, ಊರು, ಜಾತಿ ಕೇಳುತ್ತದೆ. ಗ್ರಾಮ ಆಡಳಿತಾಧಿಕಾರಿ ಮಹಜರಿಗೆ ಹೋಗಲು ಮನೆಯೇ ಇಲ್ಲ. ಅಜ್ಜಿಯೋ ಚಿಕ್ಕಪ್ಪನೋ ಇರುವ ಮಕ್ಕಳಿಗೆ ಅವರ ಪ್ರಮಾಣಪತ್ರ, ವಂಶವೃಕ್ಷ, ಹಳೆಯ ಶಾಲೆಯ ದಾಖಲಾತಿ ಪುಸ್ತಕದ ನಕಲು ಇವುಗಳ ಆಧಾರದಲ್ಲಿ ಕೆಲಸ ಸಾಗುತ್ತದೆ. ಮಗು ಸಂಸ್ಥೆಯಲ್ಲಿ ಇರುವಾಗಲೇ, ಮಕ್ಕಳ ರಕ್ಷಣಾ ಘಟಕದ ಮೂಲಕ ತಹಶೀಲ್ದಾರರಿಗೆ ಪತ್ರ ಬರೆಸಿದರೆ ಒಂದೆರಡು ತಿಂಗಳ ಮಾತು. ಹೊರಗೆ ಬಂದ ಮೇಲೆ ಒಬ್ಬನೇ ಹೋಗಿ ಕಿಟಕಿಯ ಮುಂದೆ ನಿಂತರೆ ‘ನಿಮ್ಮಪ್ಪನನ್ನು ಕರಕೊಂಡು ಬಾ’ ಎಂಬ ಉತ್ತರ ಸಿಗುತ್ತದೆ. ಜಾತಿಯೇ ಗೊತ್ತಿಲ್ಲದವರ ಗತಿ? ಮಹಾರಾಷ್ಟ್ರ 2018ರಲ್ಲೇ ಅನಾಥರಿಗೆ ಶಿಕ್ಷಣ ಮತ್ತು ಸರ್ಕಾರಿ ನೌಕರಿಯಲ್ಲಿ ಶೇ 1 ಮೀಸಲಾತಿ ತಂದಿತು. ತೆಲಂಗಾಣದಲ್ಲಿ ಹತ್ತು ವರ್ಷಕ್ಕೆ ಮೊದಲೇ ತಂದೆ-ತಾಯಿ ಕಳೆದುಕೊಂಡು ಅನಾಥಾಲಯ ಸೇರಿದ ಮಕ್ಕಳು ಹಿಂದುಳಿದ ವರ್ಗದ ‘ಎ’ ಗುಂಪಿಗೆ ಬರುತ್ತಾರೆ. ನೆರೆಯವರು ದಾರಿ ಕಂಡುಕೊಂಡಿರುವಾಗ ನಾವು ಯೋಚಿಸುತ್ತಲೇ ಕೂರಬೇಕಾದ ಕಾರಣ ನನಗಂತೂ ಕಾಣುವುದಿಲ್ಲ.

ಒಂದೆರಡು ಕಡೆ ನಿಯಮಗಳೇ ಮಕ್ಕಳ ಪರವಾಗಿವೆ, ತಿಳಿದವರು ಕಡಿಮೆ. ಮತದಾರರ ಪಟ್ಟಿಯ 6ನೇ ನಮೂನೆಯಲ್ಲಿ ಅನಾಥರು ಕಾನೂನುಬದ್ಧ ಪಾಲಕರ ಹೆಸರು ಬರೆಯಬಹುದು. ಪಾಸ್‌ಪೋರ್ಟ್‌ಗೆ ಜನ್ಮ ದಿನಾಂಕದ ಪುರಾವೆಯಾಗಿ ಅನಾಥಾಲಯದ ಮುಖ್ಯಸ್ಥರ ಘೋಷಣೆ ನಡೆಯುತ್ತದೆ. ಕರ್ನಾಟಕದಲ್ಲೇ ಏಳು ವರ್ಷ ಓದಿ ಇಲ್ಲೇ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಪಾಸಾದವರ ಸಿಇಟಿ ಅರ್ಹತೆಗೆ ತಂದೆ-ತಾಯಿಯ ವಾಸಸ್ಥಳದ ಪ್ರಶ್ನೆಯೇ ಇಲ್ಲ.

ಎಲ್ಲರೂ ಮರೆಯುವ ಇನ್ನೊಂದು ವಿಷಯಕ್ಕೆ ಸ್ವಲ್ಪ ಜಾಗ ಕೊಡಬೇಕು. ಅನಾಥ ಮಗು ಎಂದರೆ ಬರಿಗೈ ಮಗು ಎಂದು ನಾವು ತಿಳಿಯುತ್ತೇವೆ. ಹಲವರಿಗೆ ಬರಬೇಕಾದದ್ದು ಬಹಳಷ್ಟು ಇರುತ್ತದೆ, ಕೇಳುವವರಿರುವುದಿಲ್ಲ. ಅಪ್ಪ ಅಥವಾ ಅಮ್ಮ ಗಾರ್ಮೆಂಟ್ಸ್‌ನಲ್ಲೋ ಕಾರ್ಖಾನೆಯಲ್ಲೋ ಇದ್ದು ಪಿಎಫ್ ಕಡಿತವಾಗುತ್ತಿದ್ದರೆ, ತಂದೆ-ತಾಯಿ ಇಬ್ಬರೂ ಇಲ್ಲದ ಮಕ್ಕಳಿಗೆ 1995ರ ಪಿಂಚಣಿ ಯೋಜನೆಯಲ್ಲಿ ಅನಾಥ ಪಿಂಚಣಿ ಇದೆ: ವಿಧವಾ ಪಿಂಚಣಿಯ ಶೇ 75, ಕನಿಷ್ಠ ತಿಂಗಳಿಗೆ 750 ರೂಪಾಯಿ, 25 ವರ್ಷದವರೆಗೆ, ಒಂದು ಸಲಕ್ಕೆ ಇಬ್ಬರು ಮಕ್ಕಳಿಗೆ. ಅರ್ಜಿ ನಮೂನೆ 10-ಡಿ. ನೌಕರಿಯಲ್ಲಿದ್ದಾಗಲೇ ತೀರಿಕೊಂಡಿದ್ದರೆ ಪಿಎಫ್‌ನೊಂದಿಗೇ ಇರುವ ವಿಮೆಯಿಂದ ಗರಿಷ್ಠ 7 ಲಕ್ಷ ರೂಪಾಯಿವರೆಗೂ ಬರಬಹುದು. ತೀರಿಕೊಂಡವರ ಬ್ಯಾಂಕ್ ಪಾಸ್‌ಬುಕ್ ಬಿಸಾಡಬೇಡಿ, ಮೇ ತಿಂಗಳ ಕೊನೆಯ ಪುಟ ನೋಡಿ. 436 ರೂಪಾಯಿ (2022ಕ್ಕೆ ಮೊದಲಾದರೆ 330) ಕಡಿತವಾಗಿದ್ದರೆ ಅದು ಎರಡು ಲಕ್ಷದ ಜೀವವಿಮೆ. 20 ರೂಪಾಯಿ, ಹಿಂದಿನದಾದರೆ 12, ಕಡಿತವಾಗಿದ್ದರೆ ಅಪಘಾತ ವಿಮೆ. ರಸ್ತೆ ಅಪಘಾತದಲ್ಲಿ ಹೋದವರ ಮಕ್ಕಳ ಪಾಲಿನ ಪರಿಹಾರವನ್ನು ನ್ಯಾಯಮಂಡಳಿ ಸಾಮಾನ್ಯವಾಗಿ 18 ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತದೆ. ಆ ರಸೀದಿ ಯಾವ ಚಿಕ್ಕಪ್ಪನ ಟ್ರಂಕಿನಲ್ಲಿದೆ ಎಂದು ಮಗುವಿಗೆ ಗೊತ್ತಿರುವುದಿಲ್ಲ.

ಜಮೀನಿನ ವಿಷಯ ಇನ್ನೂ ಸೂಕ್ಷ್ಮ. ಅಪ್ಪ ಸತ್ತ ಮೇಲೆ ಪೌತಿ ಖಾತೆ (ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಆಗುವಾಗ ಮಕ್ಕಳ ಹೆಸರು ಬಿಟ್ಟು ದಾಯಾದಿಗಳ ಹೆಸರಷ್ಟೇ ಪಹಣಿಗೆ ಏರುವುದು ಹಳ್ಳಿಗಳಲ್ಲಿ ಹೊಸತಲ್ಲ. ಮಗು ಸಮಿತಿಯ ಮುಂದೆ ಬಂದಾಗ ನಡೆಯುವ ಸಾಮಾಜಿಕ ತನಿಖೆಯಲ್ಲಿ ‘ಆಸ್ತಿ ಇಲ್ಲ’ ಎಂದು ಬರೆಯುವ ಮೊದಲು ತಂದೆಯ ಹೆಸರಿನ ಪಹಣಿಯನ್ನೂ ಗ್ರಾಮ ಪಂಚಾಯಿತಿಯ ಮನೆ ಖಾತೆಯನ್ನೂ ಒಮ್ಮೆ ತೆಗೆಸಿ ನೋಡಲು ಅರ್ಧ ಗಂಟೆ ಸಾಕು. ನೋಡಿಕೊಳ್ಳುತ್ತೇನೆಂದು ಮುಂದೆ ಬಂದ ನೆಂಟರು ಅಷ್ಟಕ್ಕೇ ಹಿಂದೂ ಅಪ್ರಾಪ್ತರ ಆಸ್ತಿ ಮಾರುವಂತಿಲ್ಲ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ 11ನೇ ಕಲಂ ಅದನ್ನು ತಡೆಯುತ್ತದೆ. ಪಾಲಕರು ಮಾಡಿದ ಪರಭಾರೆಯನ್ನು ಪ್ರಶ್ನಿಸಲು 18 ತುಂಬಿದ ಮೇಲೆ ಮೂರು ವರ್ಷ ಗಡುವು. ಅಂದರೆ ಹುಡುಗ ಊಟ-ವಸತಿಗೆ ಪರದಾಡುವ ಅದೇ ಮೂರು ವರ್ಷದಲ್ಲಿ ಈ ಗಡುವೂ ಸದ್ದಿಲ್ಲದೆ ಕಳೆದುಹೋಗುತ್ತದೆ. ಉಚಿತ ವಕೀಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇದೆ.

ಈಗ ವಸತಿ. ತಿಂಗಳಿಗೆ 4,000 ರೂಪಾಯಿ ಬೆಂಗಳೂರಿನ ಪಿ.ಜಿ.ಯಲ್ಲಿ ಮೂವರ ಕೋಣೆಯ ಒಂದು ಹಾಸಿಗೆಗೂ ಸಾಲುವುದಿಲ್ಲ. ಜಿಲ್ಲಾ ಕೇಂದ್ರಗಳಲ್ಲಿ ನಾಲ್ವರು ಸೇರಿ ಒಂದು ಮನೆ ಹಿಡಿದರೆ ಸಾಗುತ್ತದೆ, ಮುಂಗಡ ಕೊಡುವವರೊಬ್ಬರು ಬೇಕು. ಸರ್ಕಾರದ ಹಣ ತಿಂಗಳ ಒಂದನೇ ತಾರೀಖಿಗೆ ಬರುತ್ತದೆಂದು ನಂಬಿ ಬಾಡಿಗೆ ಮಾತಾಡಬಾರದು. ಮೂರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಹೊರಡಿಸಬೇಕು. ಓದು ಮುಂದುವರಿಸುವವರಿಗೆ ಬಿಸಿಎಂ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಒಳ್ಳೆಯ ದಾರಿ. ಆದರೆ ಅಲ್ಲೊಂದು ತೊಡಕಿದೆ. ಬೇಸಿಗೆ ರಜೆಗೆ ಮೆಸ್ ಮುಚ್ಚುತ್ತದೆ, ಎಲ್ಲರೂ ಊರಿಗೆ ಹೋಗುತ್ತಾರೆ, ಇವನಿಗೆ ಹೋಗಲು ಊರಿಲ್ಲ. ದಸರೆ ರಜೆ ಹೇಗೋ ಕಳೆಯುತ್ತದೆ. ಏಪ್ರಿಲ್-ಮೇ ಕಳೆಯುವುದಿಲ್ಲ. ಆ ಎರಡು ತಿಂಗಳಲ್ಲಿ ಕೇಟರಿಂಗ್‌ಗೋ ಕಲ್ಲುಗಣಿಗೋ ಸೇರಿದವನು ಜೂನ್‌ನಲ್ಲಿ ಕಾಲೇಜಿಗೆ ಮರಳದೆ ಇರುವುದುಂಟು. ಅನುಪಾಲನಾ ಗೃಹಗಳಲ್ಲಿ ರಜಾದಿನಗಳಿಗಾಗಿಯೇ ನಾಲ್ಕಾರು ಹಾಸಿಗೆ ಕಾದಿರಿಸಲು ಒಂದು ಸುತ್ತೋಲೆ ಸಾಕು.

ಅಡುಗೆಯದೂ ಒಂದು ಮಾತು. ಬಾಲಮಂದಿರದ ಅಡುಗೆಮನೆಯಲ್ಲಿ ಕೈಜೋಡಿಸಿದ ಹುಡುಗಿಗೆ ಐವತ್ತು ಜನರ ಸಾರಿಗೆ ಎಷ್ಟು ಬೇಳೆ ಎಂದು ಬಾಯಿಪಾಠ. ಒಬ್ಬಳಿಗೆ ಒಂದು ಹೊತ್ತಿಗೆ ಅರ್ಧ ಪಾವು ಅಕ್ಕಿ ಸಾಕು, ಈರುಳ್ಳಿ ಕಾಲು ಕಿಲೋ ಕೊಳ್ಳಬಹುದು, ಸಿಲಿಂಡರ್ ಎಷ್ಟು ದಿನ ಬರುತ್ತದೆ ಎಂಬುದು ಗೊತ್ತಿಲ್ಲ. ಅಂಗಡಿಗೆ ಹೋಗಿ ಬೆಲೆ ಕೇಳಿದ್ದೇ ಇಲ್ಲ. 16 ದಾಟಿದವರಿಗೆ ನಾಲ್ವರ ಗುಂಪು ಮಾಡಿ, ವಾರಕ್ಕೊಮ್ಮೆ ಐನೂರು ರೂಪಾಯಿ ಕೊಟ್ಟು ಸಂತೆಗೆ ಕಳಿಸಿ, ತಮ್ಮ ಅಡುಗೆ ತಾವೇ ಮಾಡಿಕೊಂಡು ಲೆಕ್ಕ ಬರೆಯಲು ಹೇಳಿದರೆ ಆರು ತಿಂಗಳಲ್ಲಿ ಎಲ್ಲ ಬರುತ್ತದೆ. ಮೊದಲ ಸಂಬಳವನ್ನು ಕಂತಿನ ಮೊಬೈಲಿಗೂ ಗೆಳೆಯರ ಕೈಸಾಲಕ್ಕೂ ಕಳೆದುಕೊಳ್ಳುವುದು ದುಡ್ಡು ಹಿಡಿದ ಅಭ್ಯಾಸವೇ ಇಲ್ಲದ್ದರಿಂದ. ಅದನ್ನು ದುಂದುಗಾರಿಕೆ ಎನ್ನಬೇಡಿ. ಜ್ವರ ಬಂದು ಆಸ್ಪತ್ರೆಗೆ ಹೋದರೆ ‘ಅಟೆಂಡರ್ ಯಾರು?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಕೊಡಲು ಒಂದು ಹೆಸರು, ಒಂದು ಫೋನ್ ನಂಬರು ಇರಬೇಕು. ಅದೇ ಸಂಸ್ಥೆಯಿಂದ ನಾಲ್ಕೈದು ವರ್ಷ ಮೊದಲು ಹೊರಬಂದು ನೆಲೆನಿಂತವರು ಈ ಕೆಲಸಕ್ಕೆ ಬೇರೆಲ್ಲರಿಗಿಂತ ಸೂಕ್ತ. ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನೇ ಇಟ್ಟುಕೊಳ್ಳದ ಸಂಸ್ಥೆಗಳು ಇದನ್ನು ಕೈಯಾರೆ ಕಳೆದುಕೊಳ್ಳುತ್ತವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಅಭ್ಯಾಸ ಬೆಳೆದಿದೆ. ರಾಜ್ಯ ಮಹಿಳಾ ನಿಲಯಗಳಲ್ಲಿ ಅಧಿಕಾರಿಗಳೇ ಮುಂದೆ ನಿಂತು ಮದುವೆ ಮಾಡಿಸುತ್ತಾರೆ, ಪತ್ರಿಕೆಗಳಲ್ಲಿ ಫೋಟೊ ಬರುತ್ತದೆ. ವರನ ಮನೆ, ಸಂಪಾದನೆ ವಿಚಾರಿಸಿಯೇ ಕೊಡುತ್ತಾರೆ, ಒಳ್ಳೆಯ ಸಂಸಾರಗಳೂ ಆಗಿವೆ. ಆದರೆ ತವರಿಲ್ಲದ ಹುಡುಗಿಗೆ ನರ್ಸಿಂಗ್, ಟೈಲರಿಂಗ್, ಐಟಿಐ ಯಾವುದಾದರೂ ಒಂದು ಕೈಕಸುಬಿನ ಪ್ರಮಾಣಪತ್ರ ಸಿಗುವ ಮೊದಲೇ ತಾಳಿ ಕಟ್ಟಿಸುವುದು ಪುನರ್ವಸತಿ ಎಂದು ನಾನು ಒಪ್ಪುವುದಿಲ್ಲ.

ದಾನಿಗಳಿಗೂ ಹೇಳುವುದಿದೆ. ಹುಟ್ಟುಹಬ್ಬಕ್ಕೆ, ಮದುವೆಯ ವಾರ್ಷಿಕೋತ್ಸವಕ್ಕೆ ಅನಾಥಾಶ್ರಮದಲ್ಲಿ ಊಟ ಹಾಕಿಸುವುದು ಈಗ ನಗರಗಳಲ್ಲಿ ರೂಢಿ. ಡಿಸೆಂಬರ್-ಜನವರಿಯ ಭಾನುವಾರಗಳಿಗೆ ಮುಂಗಡ ಬುಕಿಂಗ್ ಇರುವಷ್ಟು! ಜೂನ್‌ನಲ್ಲಿ ಡಿಪ್ಲೊಮಾ ಶುಲ್ಕ ಕಟ್ಟುವವರು ಸಿಗುವುದಿಲ್ಲ. ಮಕ್ಕಳನ್ನು ಸಾಲಾಗಿ ಕೂರಿಸಿ ಕೇಕ್ ಜೊತೆ ಸೆಲ್ಫಿ ತೆಗೆಯುವ ಬದಲು, ಹೊರಗೆ ಬಂದ ಒಬ್ಬರ ಮುಂಗಡವನ್ನೋ, ಎರಡು ವರ್ಷದ ಐಟಿಐ ಖರ್ಚನ್ನೋ, ಕನ್ನಡಕವನ್ನೋ ಕೊಡಿ. ಹಣಕ್ಕಿಂತ ಕಷ್ಟದ ದಾನವೂ ಒಂದಿದೆ: ಬಾಡಿಗೆ ಕರಾರಿನಲ್ಲಿ ಜಾಮೀನಿಗೆ ನಿಲ್ಲುವುದು. ಇನ್ನು ತಾಯಿಯೋ ಅಜ್ಜಿಯೋ ಇರುವ ಮಗುವನ್ನು ಆಶ್ರಮಕ್ಕೆ ಸೇರಿಸಲು ಓಡಾಡುವ ಮೊದಲು ಪ್ರಾಯೋಜಕತ್ವ ಯೋಜನೆ ವಿಚಾರಿಸಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರದಿದ್ದರೆ ಮಗು ಮನೆಯಲ್ಲೇ ಇದ್ದು ತಿಂಗಳಿಗೆ 4,000 ಪಡೆಯಬಹುದು. ಕೇಳಬೇಕಾದ ಜಾಗ ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ದಾರಿ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098.

ಕೊನೆಯದಾಗಿ ತಮ್ಮ ವರದಿಗಾರರಿಗೆ ಸಂಬಂಧಿಸಿದ ಮಾತು. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಪತ್ರಿಕೆಯಲ್ಲಿ ಬಂದು ಗುರುತು ಸಿಗುವುದನ್ನು ತಡೆಯುತ್ತದೆ. ಮೀರಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಗುವಿನ ಹಿತಕ್ಕೆ ಅಗತ್ಯವೆಂದು ಸಮಿತಿ ಲಿಖಿತವಾಗಿ ಒಪ್ಪಿದರೆ ಮಾತ್ರ ಬೇರೆ. ರ‍್ಯಾಂಕ್ ಬಂದ ಸಂಭ್ರಮದಲ್ಲಿ 16ರ ಮಗುವಿನ ಮುಖ, ಶಾಲೆ, ಅಪ್ಪ-ಅಮ್ಮ ಹೇಗೆ ಸತ್ತರು ಎಂಬುದನ್ನೆಲ್ಲ ಅಚ್ಚು ಹಾಕಿದರೆ ಅದು ಅಂತರ್ಜಾಲದಲ್ಲಿ ಉಳಿದು, ಹತ್ತು ವರ್ಷದ ಮೇಲೆ ಸಹೋದ್ಯೋಗಿಯೊಬ್ಬ ಹುಡುಕಿದಾಗಲೂ ಸಿಗುತ್ತದೆ. ದೊಡ್ಡವರಾದ ಮೇಲೆ ಅವರೇ ಒಪ್ಪಿ ಹೇಳಿಕೊಂಡರೆ ಧಾರಾಳವಾಗಿ ಬರೆಯಿರಿ. ಬರೆಯುವಾಗ 18ರ ಹುಟ್ಟುಹಬ್ಬದ ಮರುದಿನ ಎಲ್ಲಿ ಮಲಗಿದ್ದರು, ಮುಂಗಡ ಯಾರು ಕೊಟ್ಟರು, ಆರ್‌ಡಿ ಸಂಖ್ಯೆ ಹೇಗೆ ಸಿಕ್ಕಿತು ಎಂದು ತಪ್ಪದೆ ಕೇಳಿ. ಅಂಥ ವರದಿ ಫಲಿತಾಂಶದ ವಾರಕ್ಕಿಂತ ಜನವರಿಯಲ್ಲಿ ಬಂದರೆ ಹೆಚ್ಚು ಉಪಯೋಗ. ಸಿಇಟಿ ಅರ್ಜಿ ಶುರುವಾಗುವ ಹೊತ್ತು ಅದು. ನಾಡಕಚೇರಿಗೆ ಅಲೆಯಲು, ಸಮಿತಿಗೆ ಯೋಜನೆ ಸಲ್ಲಿಸಲು ಇನ್ನೂ ಸಮಯವಿರುತ್ತದೆ.

ಇಂತಿ,
ಮಕ್ಕಳ ಪಾಲನಾ ಸಂಸ್ಥೆಗಳ ಕೆಲಸ ಬಲ್ಲ ಓದುಗ
ಧಾರವಾಡ